ಹೊಸ ಉದ್ಯಮಗಳು, ಹಳೆಯ ತಪ್ಪುಗಳು

'ನವೋದ್ಯಮ' ಎಂಬ ಮಾತು ಈಚಿನ ವರ್ಷಗಳಲ್ಲಿ ಪತ್ರಿಕೆ ತೆರೆದವರಿಗೆಲ್ಲ ಪರಿಚಿತವಾಗಿದೆ. ನವ ಎಂಬುದಕ್ಕೆ ಉದ್ಯಮ ಎಂಬುದು ಸೇರಿ ಆದ ಗುಣಸಂಧಿ ಇದು. ಕನ್ನಡ ಪಂಡಿತನೊಬ್ಬನಿಗೆ ಈ ವಿಷಯದಲ್ಲಿರುವ ಅಧಿಕಾರ ಇಷ್ಟು ಹೇಳುವುದರೊಡನೆ ಮುಗಿಯಿತೆಂದು ವಾಚಕರು ಭಾವಿಸಿದರೆ ನಾನು ತಪ್ಪು ಹಿಡಿಯಲಾರೆ. ಕಂಪ್ಯೂಟರಿನ ಒಳಗೆ ನಡೆಯುವುದೇನೆಂಬುದು ನನಗೆ ತಿಳಿಯದು. ತಿಳಿದವನಂತೆ ನಟಿಸುವ ವಯಸ್ಸೂ ನನ್ನದಲ್ಲ. ಆದರೂ ಬರೆಯಲು ಕುಳಿತಿದ್ದೇನೆ. ಏಕೆಂದರೆ ನಾನು ಹತ್ತಿರದಿಂದ ಕಂಡ ಒಂದು ನವೋದ್ಯಮವಾಗಲಿ, ಓದಿ ತಿಳಿದ ಕೆಲವು ನವೋದ್ಯಮಗಳಾಗಲಿ ಕೆಟ್ಟದ್ದು ಯಂತ್ರದ ದೋಷದಿಂದಲ್ಲ. ಯಂತ್ರ ಹೇಳಿದಂತೆ ಕೇಳಿತು. ಕೆಟ್ಟದ್ದು ಮನುಷ್ಯರ ನಡುವಣ ವ್ಯವಹಾರ. ಅದರಲ್ಲಿ ಒಂದು ಪಾಲು ನನ್ನ ಕೈಯಿಂದಲೇ ಕೆಟ್ಟಿತು.

ಶಿರಾಳಕೊಪ್ಪದಲ್ಲಿ ಬಟ್ಟೆಯ ಅಂಗಡಿ ಇಡುವವನಿಗೆ ಗಿರಾಕಿಗಳು ಯಾರು, ಹಬ್ಬಕ್ಕೆ ಎಷ್ಟು ಕೊಂಡಾರು, ಎಷ್ಟು ಸಾಲ ಹೇಳಿಯಾರು ಎಂಬುದು ಮೊದಲೇ ಗೊತ್ತಿರುತ್ತದೆ. ನವೋದ್ಯಮ ಹಾಗಲ್ಲ. ಅಲ್ಲಿ ಮಾರಲು ಹೊರಟ ವಸ್ತು ಹೊಸದು, ಕೊಳ್ಳುವವನು ಊಹೆಯವನು, ಹಾಕಿದ ಹಣ ಬಹುಪಾಲು ಪರರದು. ಊಹೆ ನಿಜವಾದರೆ ಒಂದಕ್ಕೆ ನೂರು. ಸುಳ್ಳಾದರೆ ಹಣವೂ ಹೋಯಿತು, ಮೂರು ನಾಲ್ಕು ವರ್ಷದ ಯೌವನವೂ ಹೋಯಿತು.

ಮಕ್ಕಳಿಗೆ ವಿಭಕ್ತಿ ಕಲಿಸುವಾಗ ನಾನೊಂದು ವಾಕ್ಯ ಬರೆಸುವುದುಂಟು: ತಾಯಿಯು ಸೌಟಿನಿಂದ ಮಗುವಿಗೆ ಅನ್ನವನ್ನು ಬಡಿಸಿದಳು. 'ಸೌಟಿನಿಂದ' ಎಂಬುದು ತೃತೀಯೆ, ಅದರ ಅರ್ಥ ಕರಣ. 'ಮಗುವಿಗೆ' ಎಂಬುದು ಚತುರ್ಥಿ, ಅದರ ಅರ್ಥ ಸಂಪ್ರದಾನ. ಎಂದರೆ ಯಾರಿಗೆ ಕೊಟ್ಟದ್ದು ಎಂಬುದು. ನಮ್ಮ ಹುಡುಗರು ತೃತೀಯಾ ವಿಭಕ್ತಿಯಲ್ಲಿ ಬಹು ಗಟ್ಟಿಗರು. ಸೌಟನ್ನು ಬೆಳ್ಳಿಯಲ್ಲಿ ಬೇಕಾದರೂ ಮಾಡಿಯಾರು. ಮಗು ಎಲೆಯ ಮುಂದೆ ಕುಳಿತಿದೆಯೇ, ಅದಕ್ಕೆ ಹಸಿವಿದೆಯೇ, ಅಕ್ಕಿಯ ಹಣ ಕೊಡುವವರು ಯಾರು ಎಂದು ನೋಡುವುದಕ್ಕೆ ಮಾತ್ರ ಅವರಿಗೆ ವ್ಯವಧಾನ ಸಾಲದು.

ಇನ್ನು ನಾನು ಕಂಡದ್ದನ್ನು ಹೇಳುತ್ತೇನೆ. ಒಬ್ಬ ಹುಡುಗ ಸೊರಬ ತಾಲ್ಲೂಕಿನ ಶಾಲೆಯಲ್ಲಿ ನನ್ನ ಶಿಷ್ಯನಾಗಿದ್ದವನು. ಇನ್ನೊಬ್ಬ, ನನಗೆ ವರ್ಗವಾದ ಮೇಲೆ ಶಿಕಾರಿಪುರದಲ್ಲಿ ಸಿಕ್ಕಿದವನು. ಇಬ್ಬರೂ ಇಂಜಿನಿಯರಿಂಗ್ ಕಾಲೇಜಿನಲ್ಲಿ ಒಂದೇ ಕೊಠಡಿಯಲ್ಲಿದ್ದು ಸ್ನೇಹಿತರಾಗಿ, ಬೆಂಗಳೂರಿನಲ್ಲಿ ಕೆಲಸಕ್ಕಿದ್ದವರು ಕೊರೋನಾ ಕಾಲದಲ್ಲಿ ಊರಿಗೆ ಬಂದರು. 2021ರ ಮಳೆಗಾಲದಲ್ಲಿ ಒಂದು ಸಂಜೆ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ತಮ್ಮ ಯೋಜನೆಯನ್ನು ಬಿಡಿಸಿ ಹೇಳಿದರು.

ಅಡಕೆಯ ಸೀಮೆಯವರಿಗೆ ಸಂಗತಿ ಗೊತ್ತಿರುವುದೇ. ಕೆಂಪಡಕೆಗೆ ಕಾಯಿ ಹಸಿರಿರುವಾಗಲೇ ಗೊನೆ ಇಳಿಯಬೇಕು. ಹಣ್ಣಾದರೆ ದರ ಇಳಿಯುತ್ತದೆ. ಒಂದೇ ತೋಟ ಒಂದು ಹಂಗಾಮಿನಲ್ಲಿ ಮೂರು ನಾಲ್ಕು ಸಲ ಕೊಯ್ಲಿಗೆ ಬರುತ್ತದೆ. ಮರ ಹತ್ತಿ ಗೊನೆ ಇಳಿಸುವ ಕೊನೆಗೌಡರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಫೈಬರ್ ದೋಟಿ ಬಂದ ಮೇಲೂ ಆ ಕೊರತೆ ಪೂರ್ತಿ ತುಂಬಿಲ್ಲ. ಆದ್ದರಿಂದ ಯಾವ ಊರಿನಲ್ಲಿ ಯಾವ ಕೊನೆಗೌಡ ಇಂದು ಬಿಡುವಾಗಿದ್ದಾನೆಂದು ತೋಟದವನಿಗೆ ಫೋನಿನಲ್ಲೇ ಕಾಣುವಂತೆ ಮಾಡಿದರೆ ಹೇಗೆ? ನಗರದಲ್ಲಿ ಆಟೋ ಕರೆಸುವಂತೆ ಇಲ್ಲಿ ಕೊನೆಗೌಡನನ್ನು ಕರೆಸಬಹುದು. ಕೂಲಿಯಲ್ಲಿ ನೂರಕ್ಕೆ ಐದು ತಮಗೆ.

ನನಗೆ ಬಹಳ ಹಿಡಿಸಿತು. 'ಮಾಡಿ' ಎಂದೆ. ಅಷ್ಟೇ ಹೇಳಿ ಸುಮ್ಮನಿರಬಹುದಾಗಿತ್ತು. ಆ್ಯಪಿನ ಕನ್ನಡವನ್ನು ನಾನೇ ಬರೆದುಕೊಡುತ್ತೇನೆಂದು ಮುಂದಾದೆ.

ಆ್ಯಪು ಸೊಗಸಾಗಿ ನಡೆಯುತ್ತಿತ್ತು. ಇದನ್ನು ಯಾರೂ ಅಲ್ಲಗಳೆಯುವಂತಿಲ್ಲ. ಸೊರಬದ ಒಳಗಿನ ಹಳ್ಳಿಗಳಲ್ಲಿ ಸಿಗ್ನಲ್ ಸಿಗದಿದ್ದರೂ ಕೇಳಿಕೆಯನ್ನು ತನ್ನಲ್ಲೇ ಇಟ್ಟುಕೊಂಡಿದ್ದು, ಫೋನು ದಿಬ್ಬದ ಮೇಲೆ ಬಂದೊಡನೆ ತಾನಾಗಿ ಕಳಿಸುತ್ತಿತ್ತು. ಹಂಗಾಮು ಮುಗಿಯುವವರೆಗೆ ಒಂದು ದಿನವೂ ಕೆಟ್ಟು ನಿಲ್ಲಲಿಲ್ಲ. ಹಂಗಾಮು ಮುಗಿದಾಗ ಅದರ ಮೂಲಕ ಕೊಯ್ಲಾದ ತೋಟಗಳು ಬೆರಳಲ್ಲಿ ಎಣಿಸುವಷ್ಟು.

ಏಕೆ ಹೀಗಾಯಿತು? ಶಿಕಾರಿಪುರದ ಕಡೆ ಅನೇಕ ತೋಟದವರು ಬೆಳೆಯನ್ನು ಚೇಣಿಗೆ ಕೊಡುತ್ತಾರೆ. ಚೇಣಿದಾರ ತನ್ನ ಆಳು, ತನ್ನ ವಾಹನ, ತನ್ನ ಸುಲಿಯುವ ಯಂತ್ರದೊಡನೆ ಬಂದು ಎಲ್ಲವನ್ನೂ ತಾನೇ ಮಾಡಿಕೊಂಡು ಹೋಗುತ್ತಾನೆ. ಅಂಥ ತೋಟದವನು ಕೊನೆಗೌಡನನ್ನು ಹುಡುಕುವ ಪ್ರಶ್ನೆಯೇ ಇಲ್ಲ. ಸೊರಬದ ಕಡೆಗೆ ಬಂದರೆ, ಕಣಿವೆಯ ಹಳೆಯ ತೋಟಗಳಿಗೂ ಕೊನೆಗೌಡರಿಗೂ ತಲೆಮಾರಿನ ನಂಟು. ಆಷಾಢದಲ್ಲಿ ಕೊಟ್ಟ ಮುಂಗಡ, ಮಗಳ ಮದುವೆಗೆ ಕೊಟ್ಟ ಕೈಗಡ, ಇವುಗಳ ಲೆಕ್ಕದಲ್ಲಿ ಯಾರ ತೋಟ ಮೊದಲು ಎಂಬುದು ನಿರ್ಧಾರವಾಗುತ್ತದೆ. ಎರಡು ತಾಲ್ಲೂಕುಗಳು ಅಕ್ಕಪಕ್ಕದಲ್ಲಿದ್ದರೂ ಪದ್ಧತಿ ಬೇರೆ. ಎರಡು ಪದ್ಧತಿಗಳಲ್ಲಿಯೂ ಹುಡುಗರ ಆ್ಯಪಿಗೆ ಜಾಗವಿರಲಿಲ್ಲ. ಶಿಕಾರಿಪುರದ ಹುಡುಗ ತನ್ನ ಮನೆಯ ತೋಟವೇ ಚೇಣಿಗೆ ಹೋಗುವುದನ್ನು ಚಿಕ್ಕಂದಿನಿಂದ ಕಂಡವನು! ಕಂಡದ್ದು ಲೆಕ್ಕಕ್ಕೆ ಬರಲಿಲ್ಲ. ಇಬ್ಬರೂ ಆರು ತಿಂಗಳು ಕೋಣೆಯಲ್ಲಿ ಕುಳಿತು ಯಂತ್ರವನ್ನು ತಿದ್ದಿದರೇ ಹೊರತು ಒಬ್ಬ ಕೊನೆಗೌಡನ ಜೊತೆ ಒಂದು ಬೆಳಿಗ್ಗೆ ತೋಟಕ್ಕೆ ಹೋಗಲಿಲ್ಲ.

ಇನ್ನು ನನ್ನ ಪಾಲು. ಕೆಲಸದ ಕೇಳಿಕೆ ಬಂದಾಗ ಕೊನೆಗೌಡನ ಫೋನಿನಲ್ಲಿ ಎರಡು ಗುಂಡಿಗಳು ಕಾಣುತ್ತಿದ್ದವು. ನಾನು ಅವುಗಳಿಗೆ 'ಅಂಗೀಕರಿಸಿ', 'ನಿರಾಕರಿಸಿ' ಎಂದು ಬರೆದುಕೊಟ್ಟಿದ್ದೆ. ಮೇಲ್ಗಡೆ 'ಶ್ರಮಿಕರ ಲಭ್ಯತೆ' ಎಂದಿತ್ತು. ಶುದ್ಧವಾದ ಕನ್ನಡವೆಂದು ನನಗೆ ಸಮಾಧಾನ. ನನಗೆ ಪರಿಚಯದ ಕೊನೆಗೌಡನೊಬ್ಬನನ್ನು, ಕೇಳಿಕೆ ಬಂದರೂ ಏಕೆ ಗುಂಡಿ ಒತ್ತುವುದಿಲ್ಲವೆಂದು ಕೇಳಿದೆ. ಅವನು ಸಂಕೋಚದಿಂದ, 'ಅಂಗೀಕಾರ ಅಂದ್ರೆ ಸೈ ಹಾಕಿದಂಗೆ ಅಲ್ವಾ ಮೇಷ್ಟ್ರೇ? ಒತ್ತಿದ ಮೇಲೆ ಜ್ವರ ಬಂದು ಹೋಗಕ್ಕಾಗ್ದೆ ಇದ್ರೆ ಕೇಸು ಗೀಸು ಆದ್ರೆ ಏನ್ ಮಾಡ್ಲಿ?' ಎಂದ. ನಿರಾಕರಿಸಲೂ ಅವನಿಗೆ ಮನಸ್ಸಿಲ್ಲ. ಗೌರವಸ್ಥರ ಮನೆಗೆ ಬರುವುದಿಲ್ಲವೆಂದು ಮುಖಕ್ಕೆ ಹೊಡೆದಂತೆ ಹೇಳುವುದು ಹೇಗೆ? ಎರಡನ್ನೂ ಒತ್ತದೆ ಫೋನನ್ನು ಜೇಬಿಗೆ ಇಳಿಸುತ್ತಿದ್ದನಂತೆ. 'ಆಯ್ತು, ಬರ್ತೀನಿ', 'ಈ ವಾರ ಆಗಲ್ಲ' ಎಂದಿದ್ದರೆ ಒತ್ತುತ್ತಿದ್ದನೋ ಏನೋ. ಮೂವತ್ತು ವರ್ಷ ಕನ್ನಡ ಕಲಿಸಿದವನು ಊರಿನ ಕೊನೆಗೌಡನಿಗೆ ಅರ್ಥವಾಗದ ಎರಡು ಮಾತುಗಳನ್ನು ಬರೆದೆ. ಇದು ಯಂತ್ರದ ತಪ್ಪಲ್ಲ, ಹುಡುಗರ ತಪ್ಪೂ ಅಲ್ಲ.

ನಮ್ಮ ಈ ಹುಡುಗರಿಗೆ ಸಮಾಧಾನ ಹೇಳುವುದಕ್ಕೆಂದೇ ನಾನು ದೊಡ್ಡವರ ಕಥೆಗಳನ್ನು ಓದತೊಡಗಿದ್ದು. ಮೊದಲು ಸಿಕ್ಕಿದ್ದು ಸಿಂಪ್ಯೂಟರ್. ಹೊಸ ತಲೆಮಾರಿಗೆ ಈ ಹೆಸರೇ ತಿಳಿಯದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಇವರೂ ಎನ್‌ಕೋರ್ ಕಂಪನಿಯ ವಿನಯ್ ದೇಶಪಾಂಡೆ ಮೊದಲಾದವರೂ ಸೇರಿ, ಬಡವರ ಕೈಗೆ ಎಟಕುವ ಒಂದು ಪುಟ್ಟ ಕಂಪ್ಯೂಟರನ್ನು ಮಾಡಹೊರಟರು. 1998ರಲ್ಲಿ ಹುಟ್ಟಿದ ಆಲೋಚನೆ ಅದು. ಮಾದರಿಯನ್ನು 2001ರ ಏಪ್ರಿಲಿನಲ್ಲಿ ಲೋಕಕ್ಕೆ ತೋರಿಸಿದರು. ಅಂಗೈಯಗಲದ ಯಂತ್ರ; ಪರದೆಯನ್ನು ಮುಟ್ಟಿದರೆ ಕೆಲಸ ಮಾಡುತ್ತದೆ; ಅಕ್ಷರ ಬಾರದವನಿಗೆ ಕನ್ನಡದಲ್ಲಿ ಓದಿ ಹೇಳುತ್ತದೆ. ಒಂದು ಯಂತ್ರವನ್ನು ಇಡೀ ಊರು ಹಂಚಿಕೊಳ್ಳಲೆಂದು ಪ್ರತಿಯೊಬ್ಬನಿಗೂ ಒಂದು ಕಾರ್ಡು. ತನ್ನ ಕಾರ್ಡನ್ನು ತೂರಿಸಿದರೆ ತನ್ನ ಲೆಕ್ಕಪತ್ರ ತನಗೆ. ಬೆಲೆ ಸುಮಾರು 9,000 ರೂಪಾಯಿ ಆಗಬೇಕೆಂಬುದು ಗುರಿ. 2004ರಲ್ಲಿ ಭಾರತ್ ಇಲೆಕ್ಟ್ರಾನಿಕ್ಸ್ ಸಂಸ್ಥೆಯ ಸಹಯೋಗದಿಂದ ಅದು 'ಅಮಿಡಾ' ಎಂಬ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಾಗ, ಕೈಯಲ್ಲಿ ವಾಲಿಸಿದರೆ ಅದನ್ನು ಗುರುತಿಸುವ ಸಾಧನವೂ ಅದರೊಳಗಿತ್ತು. ಐಫೋನ್ ಬಂದದ್ದು 2007ರಲ್ಲಿ ಎಂಬುದನ್ನು ನೆನೆದರೆ ನಮ್ಮವರ ಬುದ್ಧಿಶಕ್ತಿಗೆ ತಲೆದೂಗಬೇಕು.

ಮಾರಾಟವಾದದ್ದು ಎಷ್ಟು? ಒಂದು ವರ್ಷದಲ್ಲಿ 50,000 ಹೋಗಬಹುದೆಂದು ಅಂದಾಜು ಮಾಡಿದ್ದಲ್ಲಿ ಹೋದದ್ದು 4,000ದ ಆಸುಪಾಸು. ಅದರಲ್ಲಿಯೂ ಹಳ್ಳಿಗೆ ಮುಟ್ಟಿದ್ದು ಅಲ್ಪಭಾಗ.

ಸಿಂಪ್ಯೂಟರನ್ನು ಯೋಚಿಸುವಾಗ ನನಗೆ ನನ್ನ ಬಾಲ್ಯದ ಪಂಚಾಯತಿ ರೇಡಿಯೋ ನೆನಪಾಗುತ್ತದೆ. ಈ ಪತ್ರಿಕೆಯ ಹಿರಿಯ ವಾಚಕರಿಗೂ ನೆನಪಿದ್ದೀತು. ಅದೂ ಒಂದು ಊರಿಗೆ ಒಂದೇ ಯಂತ್ರ, ಹಂಚಿಕೊಂಡೇ ಕೇಳಬೇಕು. ಆದರೆ ಅದನ್ನು ಕೊಂಡದ್ದು ಯಾರು, ಬೀಗ ಯಾರ ಬಳಿ, ಸಂಜೆ ತಿರುಗಿಸುವವನು ಯಾರು, ಕೆಟ್ಟರೆ ಯಾರಿಗೆ ಹೇಳಬೇಕು ಎಂಬುದೆಲ್ಲ ಊರಿಗೆ ಗೊತ್ತಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ಅದನ್ನು ತಿರುಗಿಸಿದರೆ ಕೇಳಲು ಕಾರ್ಯಕ್ರಮವಿತ್ತು. ಸಿಂಪ್ಯೂಟರ್ ಹಳ್ಳಿಯವನಿಗಾಗಿ ಎಂದರು. ಹಳ್ಳಿಯವನು ಒಂದು ಕೈಯಂತ್ರಕ್ಕೆ ಅಷ್ಟು ಹಣ ಕೊಡಲಾರ. ಸರಕಾರ ಕೊಳ್ಳಬೇಕೆಂದರೆ, ನಮ್ಮ ರಾಜ್ಯದ ಭೂದಾಖಲೆ ಕೆಲಸದಂಥ ಕೆಲವು ಕಡೆ ಪ್ರಯೋಗಗಳು ನಡೆದವೇ ಹೊರತು, ಕಾರ್ಖಾನೆಯನ್ನು ಸಾಕುವಷ್ಟು ದೊಡ್ಡ ಕೊಳ್ಳುವಿಕೆ ಆಗಲಿಲ್ಲ. ಲಕ್ಷಗಟ್ಟಲೆ ಮಾಡಿದರೆ ಬೆಲೆ ಇಳಿಯುತ್ತಿತ್ತು. ಬೆಲೆ ಇಳಿದಿದ್ದರೆ ಲಕ್ಷಗಟ್ಟಲೆ ಹೋಗುತ್ತಿತ್ತು. ಈ ನಡುವೆ 2003ರಲ್ಲಿ ರಿಲಯನ್ಸಿನವರು 501 ರೂಪಾಯಿ ಮುಂಗಡಕ್ಕೆ ಮೊಬೈಲ್ ಫೋನು ಕೊಡತೊಡಗಿದರು. ಹಳ್ಳಿಯವನು ಅದನ್ನು ಕೊಂಡ. ಅದು ಪಹಣಿ ಓದಿ ಹೇಳುತ್ತಿರಲಿಲ್ಲ. ಮುಂಬಯಿಯಲ್ಲಿದ್ದ ಮಗನ ದನಿ ಕೇಳಿಸುತ್ತಿತ್ತು.

ಇಂಥ ದೊಡ್ಡ ಎಡವಟ್ಟು ನಮ್ಮಲ್ಲಿಯೇ ಆಯಿತೆಂದು ಕೊರಗಬೇಕಿಲ್ಲ. ಅಮೆರಿಕದಲ್ಲಿ ಮೊಟೊರೊಲಾ ಕಂಪನಿಯ ಬೆಂಬಲದಿಂದ 'ಇರಿಡಿಯಂ' ಎಂಬ ಉದ್ಯಮ ಹುಟ್ಟಿತು. ಭೂಮಿಯ ಯಾವ ಮೂಲೆಯಿಂದಲೂ ಮಾತಾಡಲೆಂದು 77 ಉಪಗ್ರಹಗಳನ್ನು ಹಾರಿಸುವ ಯೋಜನೆ. ಇರಿಡಿಯಂ ಧಾತುವಿನ ಪರಮಾಣು ಸಂಖ್ಯೆ 77, ಅದಕ್ಕೇ ಆ ಹೆಸರು. ಕಡೆಗೆ 66 ಸಾಕೆಂದು ಕಂಡರೂ ಹೆಸರು ಮಾತ್ರ ಉಳಿಯಿತು. ಸುಮಾರು 500 ಕೋಟಿ ಡಾಲರು ವೆಚ್ಚ. 1998ರ ನವೆಂಬರಿನಲ್ಲಿ ಸೇವೆ ಆರಂಭ, 1999ರ ಆಗಸ್ಟಿನಲ್ಲಿ ದಿವಾಳಿ ಅರ್ಜಿ. ಉಪಗ್ರಹಗಳು ಆಕಾಶದಲ್ಲಿ ಸರಿಯಾಗಿಯೇ ಸುತ್ತುತ್ತಿದ್ದವು. ಆದರೆ ಸುಮಾರು 3,000 ಡಾಲರು ಕೊಟ್ಟು ಇಟ್ಟಿಗೆಯಂಥ ಫೋನನ್ನು ಕೊಳ್ಳಬೇಕಾಗಿದ್ದ ದೊಡ್ಡ ವ್ಯಾಪಾರಸ್ಥನ ಜೇಬಿಗೆ ಅಷ್ಟರಲ್ಲಿ ಸಾಮಾನ್ಯ ಮೊಬೈಲು ಬಂದು ಕೂತಿತ್ತು.

ಯಾರಿಗೆ ಎಂಬ ಪ್ರಶ್ನೆಗೆ ತಪ್ಪು ಉತ್ತರ ಹಿಡಿದು ಹೊರಟವರೂ ದಾರಿಯಲ್ಲಿ ತಿದ್ದಿಕೊಂಡದ್ದುಂಟು. ಶಿಕಾರಿಪುರದಿಂದ ಬೆಂಗಳೂರಿಗೆ ರಾತ್ರಿ ಬಸ್ಸಿನ ಸೀಟನ್ನು ಇಂದು ನಮ್ಮ ಮಕ್ಕಳು ಫೋನಿನಲ್ಲೇ ಕಾದಿರಿಸುತ್ತಾರಷ್ಟೆ. ಈ ರೂಢಿಯನ್ನು ನಾಡಿಗೆ ಹಬ್ಬಿಸಿದವರಲ್ಲಿ 'ರೆಡ್‌ಬಸ್' ಮುಖ್ಯವಾದುದು. 2005ರ ದೀಪಾವಳಿಗೆ ಊರಿಗೆ ಹೋಗಲು ಬಸ್ ಟಿಕೆಟ್ ಸಿಗದೆ ಬೆಂಗಳೂರಿನಲ್ಲೇ ಉಳಿದ ಫಣೀಂದ್ರ ಸಾಮ ಎಂಬ ತರುಣ ಇಂಜಿನಿಯರು, ಗೆಳೆಯರಾದ ಸುಧಾಕರ ಪಸುಪುನೂರಿ ಮತ್ತು ಚರಣ್ ಪದ್ಮರಾಜು ಅವರೊಡನೆ ಸೇರಿ, ಖಾಸಗಿ ಬಸ್ಸಿನ ಮಾಲೀಕರಿಗಾಗಿ ಒಂದು ತಂತ್ರಾಂಶವನ್ನು ಬರೆದರು. ಮಾಲೀಕರು ಬೇಡವೆಂದರು. ಅವರ ಕೆಲಸ ಪುಸ್ತಕ, ಪೆನ್ಸಿಲು, ಟೆಲಿಫೋನಿನಲ್ಲಿ ಸಲೀಸಾಗಿ ನಡೆಯುತ್ತಿತ್ತು. ತೊಂದರೆ ಇದ್ದುದು ಮಾಲೀಕನಿಗಲ್ಲ, ಪ್ರಯಾಣಿಕನಿಗೆ. ಹುಡುಗರು ಯಂತ್ರವನ್ನು ಹೊಗಳುವುದನ್ನು ಬಿಟ್ಟು, ತಾವು ಮಾರಿಕೊಡುತ್ತೇವೆಂದು ಕೆಲವೇ ಸೀಟುಗಳನ್ನು ಬೇಡಿ ಪಡೆದರು. 2006ರಲ್ಲಿ ಹೀಗೆ ಆರಂಭವಾದ ಉದ್ಯಮವನ್ನು 2013ರಲ್ಲಿ ಐಬಿಬೋ ಎಂಬ ದೊಡ್ಡ ಕಂಪನಿ ಕೊಂಡುಕೊಂಡಿತು. ಬರೆದ ತಂತ್ರಾಂಶಕ್ಕಿಂತ ಕೇಳಿದ ಆ ಕೆಲವು ಸೀಟುಗಳೇ ಅವರನ್ನು ದಡ ಸೇರಿಸಿದವು.

ಕನ್ನಡದವರು ಮರೆಯಬಾರದ ಇನ್ನೊಂದು ಕಥೆ 'ಕೂ'. ಅಪ್ರಮೇಯ ರಾಧಾಕೃಷ್ಣ ಮತ್ತು ಮಯಂಕ್ ಬಿದಾವತ್ಕ ಎಂಬವರು ಬೆಂಗಳೂರಿನಲ್ಲಿ ಹುಟ್ಟುಹಾಕಿದ ಈ ಮಾತುಕಟ್ಟೆ 2020ರಲ್ಲಿ ಎಲ್ಲಕ್ಕೂ ಮೊದಲು ಬಾಯಿಬಿಟ್ಟದ್ದು ಕನ್ನಡದಲ್ಲಿ. ಟ್ವಿಟರಿನ ಇಂಗ್ಲಿಷಿಗೆ ಹೆದರಿ ದೂರ ಉಳಿದಿದ್ದ ಜನ ತಮ್ಮ ನುಡಿಯಲ್ಲಿ ನಾಲ್ಕು ಮಾತು ಬರೆಯಲೆಂಬುದು ಉದ್ದೇಶ. ಯಾರಿಗೆ ಎಂಬುದರಲ್ಲಿ ಅವರು ತಪ್ಪಲಿಲ್ಲ. ಹಳದಿ ಹಕ್ಕಿ ಅದರ ಗುರುತು. ಕೋಗಿಲೆಯ ದನಿ ಅದರ ಹೆಸರು. 2021ರ ಫೆಬ್ರವರಿಯಲ್ಲಿ ಕೇಂದ್ರ ಸರಕಾರಕ್ಕೂ ಟ್ವಿಟರಿಗೂ ಜಗಳವೆದ್ದಾಗ ಮಂತ್ರಿಗಳೂ ಇಲಾಖೆಗಳೂ 'ಕೂ'ಗೆ ಬಂದರು. ಹಿಂದೆಯೇ ಜನ ಬಂದರು. ಉಚ್ಛ್ರಾಯದ ದಿನಗಳಲ್ಲಿ ದಿನಕ್ಕೆ 21 ಲಕ್ಷ ಮಂದಿ ಅದನ್ನು ಬಳಸುತ್ತಿದ್ದರೆಂದು ಸ್ಥಾಪಕರೇ ಹೇಳಿದ್ದಾರೆ. ಪರರ ಜಗಳದಿಂದ ಬಂದ ಗಿರಾಕಿ ಜಗಳ ತಣ್ಣಗಾದ ಮೇಲೆ ಎಷ್ಟು ದಿನ ನಿಂತಾನು?

2022ರ ನವೆಂಬರಿನಲ್ಲಿ 'ಕೂ' ಬ್ರಝಿಲ್ ದೇಶಕ್ಕೆ ಕಾಲಿಟ್ಟಿತು. 48 ಗಂಟೆಗಳಲ್ಲಿ 10 ಲಕ್ಷ ಜನ ಇಳಿಸಿಕೊಂಡರಂತೆ. ಭಾಷೆಯ ಪಾಠ ಹೇಳುವ ನನಗೆ ಇದು ಬಹು ಸ್ವಾರಸ್ಯದ ಸಂಗತಿ. ಅಲ್ಲಿಯ ನುಡಿ ಪೋರ್ಚುಗೀಸ್. ಅದರಲ್ಲಿ ಆ ಒಂದಕ್ಷರದ ದನಿಗೆ ಅರ್ಥ, ನಾಲ್ಕು ಜನರ ನಡುವೆ ಹೇಳಬಾರದ ದೇಹಭಾಗ. ಊರೆಲ್ಲ ನಕ್ಕಿತು, ನಗುವುದಕ್ಕೆಂದೇ ಬಂದವರೂ ಇದ್ದರು. ಹೆಸರೊಂದರಿಂದಲೇ ಉದ್ಯಮ ಕೆಟ್ಟಿತೆಂದು ನಾನು ಹೇಳಲಾರೆ. ನಗುವವರು ಹಣ ಕೊಡುವುದಿಲ್ಲ ಎಂಬುದನ್ನಷ್ಟೇ ಹೇಳಬಲ್ಲೆ. ಕನ್ನಡದಲ್ಲಿ ಬರೆಯುವ ಲಕ್ಷಾಂತರ ಜನರೂ ಹಣ ಕೊಡುತ್ತಿರಲಿಲ್ಲ. ಕೊಟ್ಟದ್ದು ಹೂಡಿಕೆದಾರರು, 6 ಕೋಟಿ ಡಾಲರಿಗೂ ಮಿಕ್ಕಿ. ಇಷ್ಟು ಜನರ ಮಾತನ್ನು ದಿನವಿಡೀ ಹೊತ್ತು ಸಾಗಿಸುವ ಯಂತ್ರಗಳ ಬಾಡಿಗೆಯೇ ಹಿರಿದು. ಹೂಡಿಕೆದಾರರು ಕೈ ಹಿಂತೆಗೆದ ಕಾಲ ಬಂದಾಗ ಕೊಳ್ಳುವವರಿಗಾಗಿ ಹುಡುಕಿದರು, ಮಾತುಕತೆಗಳು ಕೂಡಿಬರಲಿಲ್ಲ. 2024ರ ಜುಲೈ 3ರಂದು ಬಾಗಿಲು ಹಾಕುವುದಾಗಿ ತಿಳಿಸಿದರು. ಕನ್ನಡದಲ್ಲಿ ಮೊದಲು ಮಾತಾಡಿದ ಒಂದು ಕಟ್ಟೆ ಹಾಗೆ ಹಾಳಾದದ್ದು ನನಗೆ ಈಗಲೂ ಖೇದದ ವಿಷಯ. ಬಳಸುವವನು ಬೇರೆ, ಕೊಡುವವನು ಬೇರೆ ಆದ ಕಡೆಯಲ್ಲೆಲ್ಲ, ಕೊಡುವವನು ಏಕೆ ಕೊಡುತ್ತಾನೆ ಮತ್ತು ಎಲ್ಲಿಯವರೆಗೆ ಕೊಡುತ್ತಾನೆ ಎಂದು ಮೊದಲ ದಿನವೇ ಬರೆದಿಟ್ಟುಕೊಳ್ಳಬೇಕೆಂದು ತೋರುತ್ತದೆ.

ಬರೆದಿಡುವ ಮಾತು ಬಂದದ್ದರಿಂದ ನಮ್ಮ ಹುಡುಗರ ಬಳಿಗೆ ಹಿಂದಿರುಗುತ್ತೇನೆ. ಆ್ಯಪು ನಡೆಯದಿದ್ದುದಕ್ಕಿಂತ ಹೆಚ್ಚು ನೋವು ಕೊಟ್ಟದ್ದು ಆ ಮೇಲಿನ ಸಂಗತಿ. ಹೊರಗಿನ ಒಬ್ಬ ವರ್ತಕರು, ಅರ್ಧಕ್ಕಿಂತ ಹೆಚ್ಚಿನ ಪಾಲು ಕೊಟ್ಟರೆ ಹಣ ಹಾಕಿ ಮುಂದುವರಿಸುತ್ತೇನೆಂದರು. ಶಿಕಾರಿಪುರದ ಹುಡುಗ ಒಪ್ಪೋಣವೆಂದ. ಅವನ ತಂದೆ ಮಗಳ ಮದುವೆಗೆಂದು ಕೂಡಿಟ್ಟಿದ್ದ ನಾಲ್ಕು ಲಕ್ಷವನ್ನು ಇದಕ್ಕೆ ಕೊಟ್ಟಿದ್ದರು. ಸೊರಬದವನು ಬೇಡವೆಂದ, ರಾತ್ರಿ ಹಗಲು ಕುಳಿತು ಆ್ಯಪನ್ನು ಬರೆದವನು ಅವನು. ಹಣ ತಂದವನ ಪಾಲು ಎಷ್ಟು, ಬರೆದವನದು ಎಷ್ಟು, ಒಪ್ಪದಿದ್ದರೆ ಯಾರ ಮಾತು ಕಡೆಯದು? ಒಂದನ್ನೂ ಮಾತಾಡಿಕೊಂಡಿರಲಿಲ್ಲ. 'ನಮ್ಮಿಬ್ಬರ ನಡುವೆ ಕಾಗದ ಯಾಕೆ ಸಾರ್?' ಎಂದು ಇಬ್ಬರೂ ಜಗಲಿಯ ಮೇಲೆ ಕುಳಿತು ನಕ್ಕಿದ್ದರು, ನಾನೂ ನಕ್ಕಿದ್ದೆ. ಬರಹದ ಕರಾರಿಲ್ಲದಿದ್ದರೆ 1932ರ ಭಾರತೀಯ ಪಾಲುದಾರಿಕೆ ಕಾಯಿದೆಯ ಪ್ರಕಾರ ಲಾಭನಷ್ಟಗಳಲ್ಲಿ ಸಮಪಾಲು, ದಿನನಿತ್ಯದ ವಿಷಯಗಳಲ್ಲಿ ಬಹುಮತ. ಇಬ್ಬರೇ ಇದ್ದಲ್ಲಿ ಬಹುಮತವೆಲ್ಲಿಂದ ಬರಬೇಕು! ಮಾತು ನಿಂತಿತು, ಬೀಗತನದಂತಿದ್ದ ಎರಡು ಮನೆಗಳ ಹೋಗಿಬರುವಿಕೆಯೂ ನಿಂತಿತು. ಆ ಹೆಣ್ಣುಮಗಳ ಮದುವೆ ಒಂದು ವರ್ಷ ಮುಂದಕ್ಕೆ ಹೋಯಿತು.

ಇಂಥ ಕಾಗದ ಸ್ನೇಹಕ್ಕೆ ಅವಮಾನವೆಂದು ತಿಳಿಯುವವರು ನಮ್ಮ ತಾಲ್ಲೂಕಿನ ಕಲ್ಲುಗಳನ್ನೊಮ್ಮೆ ಓದಬೇಕು. ಬಿ. ಎಲ್. ರೈಸ್ ಅವರು ಪ್ರಕಟಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರದ ಶಾಸನಗಳಿವೆ, ಎಂಟನೆಯದರಲ್ಲಿ ಸೊರಬದವು. ಬಳ್ಳಿಗಾವಿಯ ಒಂದು ದಾನಶಾಸನವನ್ನು ತೆಗೆದುಕೊಳ್ಳಿ. ಕೊಟ್ಟವನು ಯಾರು, ಯಾವ ಅಧಿಕಾರದಿಂದ. ಪಡೆದವನು ಯಾರು, ಯಾವ ಕಾರ್ಯಕ್ಕೆ. ಯಾವ ವರ್ಷ, ಯಾವ ತಿಥಿ. ಭೂಮಿಯ ಮೇರೆ ಯಾವ ಕಲ್ಲಿನಿಂದ ಯಾವ ಹಳ್ಳಕ್ಕೆ. ಕಾಪಾಡಿದವನಿಗೆ ಏನು ಫಲ, ಅಳಿದವನಿಗೆ ಏನು ಪಾಪ. ಎಲ್ಲವೂ ಕಲ್ಲಿನ ಮೇಲಿದೆ. ಆ ದಾನಿಯೂ ದಾನ ಪಡೆದ ಗುರುವೂ ಒಬ್ಬರನ್ನೊಬ್ಬರು ನಂಬಿರಲಿಲ್ಲವೆಂದೇ? ಗುರುವಿನ ಪಾದ ತೊಳೆದು ಧಾರೆಯೆರೆದು ಕೊಟ್ಟ ದಾನ ಅದು. ನಂಬಿದ್ದರಿಂದಲೇ ಬರೆಸಿದರು. ಹುಡುಗರನ್ನು ಹತ್ತನೆಯ ತರಗತಿಯಲ್ಲಿ ಬಳ್ಳಿಗಾವಿಗೆ ಪ್ರವಾಸ ಕರೆದುಕೊಂಡು ಹೋದವನು ನಾನೇ. ಕಲ್ಲಿನ ಹಳಗನ್ನಡವನ್ನು ಓದಿ ತೋರಿಸಿದೆ, ಅದರೊಳಗಿನ ಈ ವ್ಯವಹಾರವನ್ನು ತೋರಿಸಲಿಲ್ಲ.

ಪಾಲುಗಾರರ ನಡುವಿನ ಮಾತು ಎಷ್ಟು ದೂರ ಹೋಗಬಲ್ಲುದೆಂಬುದಕ್ಕೆ ಇನ್‌ಫೋಸಿಸ್ ನಿದರ್ಶನವಿದೆ. 1981ರಲ್ಲಿ ಏಳು ಮಂದಿ ಸೇರಿ ಪುಣೆಯಲ್ಲಿ ಆರಂಭಿಸಿದ ಕಂಪನಿ ಅದು. ಮೂಲಧನ 10,000 ರೂಪಾಯಿ. ನಮ್ಮ ನೆರೆಯ ಹಾವೇರಿ ಜಿಲ್ಲೆಯ ಶಿಗ್ಗಾವಿಯಲ್ಲಿ ಹುಟ್ಟಿದ ಸುಧಾ ಮೂರ್ತಿಯವರು ತಮ್ಮ ಉಳಿತಾಯದಿಂದ ಕೊಟ್ಟದ್ದು. 1989ರಲ್ಲಿ ಏಳರಲ್ಲೊಬ್ಬರಾದ ಅಶೋಕ್ ಅರೋರಾ ಬಿಟ್ಟುಹೋದರು. ಮರುವರ್ಷ ಯಾರೋ ಕಂಪನಿಯನ್ನು ಸುಮಾರು ಹತ್ತು ಲಕ್ಷ ಡಾಲರಿಗೆ ಕೊಳ್ಳಲು ಬಂದಾಗ, ದಣಿದಿದ್ದ ಪಾಲುಗಾರರಿಗೆ ಮಾರಿಬಿಡುವ ಮನಸ್ಸಾಯಿತು. ಎಲ್ಲರ ಮಾತನ್ನೂ ಕೇಳಿಸಿಕೊಂಡ ನಾರಾಯಣ ಮೂರ್ತಿಯವರು, ಹೋಗುವವರು ಹೋಗಬಹುದು, ಅವರ ಪಾಲನ್ನು ತಾವೇ ಕೊಳ್ಳುವುದಾಗಿ ಹೇಳಿದರೆಂದು ಅವರೇ ಮುಂದೆ ಹಲವು ಭಾಷಣಗಳಲ್ಲಿ ನೆನೆದಿದ್ದಾರೆ. ಯಾರೂ ಹೋಗಲಿಲ್ಲ. ಆಗ ಅವರ ಕೈಯಲ್ಲಿ ಅಷ್ಟು ಹಣವಿರಲಿಲ್ಲವೆಂಬುದು ಬೇರೆ ಮಾತು. ಆ ಕೋಣೆಯಲ್ಲಿ ಗಂಟೆಗಟ್ಟಲೆ ಮಾತಾಡಿದರು ಎಂಬುದನ್ನು ನೋಡಿ. ನಮ್ಮ ಹುಡುಗರು ಹದಿನೈದು ನಿಮಿಷ ವಾಟ್ಸಾಪಿನಲ್ಲಿ ಜಗಳವಾಡಿದರು.

ಲೆಕ್ಕದ ವಿಷಯವನ್ನು ಚುಟುಕಾಗಿ ಹೇಳಿ ಮುಗಿಸುತ್ತೇನೆ, ಅದು ಎಲ್ಲರೂ ಪತ್ರಿಕೆಗಳಲ್ಲಿ ಓದಿದ್ದೇ. ಬೆಂಗಳೂರಿನಿಂದ ನಡೆಯುತ್ತಿದ್ದ 'ಬೈಜೂಸ್' ಎಂಬ ಪಾಠದ ಕಂಪನಿಗೆ 2022ರಲ್ಲಿ 2,200 ಕೋಟಿ ಡಾಲರು ಬೆಲೆ ಕಟ್ಟಿದ್ದರು. ಅದರ ಚಿತ್ರಪಾಠಗಳು ಮಕ್ಕಳಿಗೆ ರುಚಿಸುವಂಥವೆಂದು ಮೇಷ್ಟರಾದ ನಾನೂ ಒಪ್ಪುತ್ತೇನೆ. 2020-21ನೆಯ ಸಾಲಿನ ಲೆಕ್ಕ ಹೊರಬಂದದ್ದು 2022ರ ಸೆಪ್ಟೆಂಬರಿನಲ್ಲಿ. ನಷ್ಟ 4,588 ಕೋಟಿ ರೂಪಾಯಿ. ಮುಂದಿನ ವರ್ಷದ ಲೆಕ್ಕವೂ ತಡವಾಯಿತು. 2023ರ ಜೂನಿನಲ್ಲಿ ಲೆಕ್ಕಪರಿಶೋಧಕರು ಬಿಟ್ಟುಹೋದರು, ಹೂಡಿಕೆದಾರರ ಮೂವರು ಪ್ರತಿನಿಧಿಗಳು ಆಡಳಿತ ಮಂಡಳಿಯಿಂದ ಹೊರಬಿದ್ದರು. 2024ರ ಜುಲೈಯಲ್ಲಿ ಬೆಂಗಳೂರಿನ ಕಂಪನಿ ನ್ಯಾಯಮಂಡಳಿ, ಕ್ರಿಕೆಟ್ ಮಂಡಳಿಯ ಬಾಕಿಯ ಅರ್ಜಿಯ ಮೇಲೆ ದಿವಾಳಿ ಪ್ರಕ್ರಿಯೆಗೆ ಆದೇಶ ಕೊಟ್ಟಿತು. ಬೇರೆ ಬೇರೆ ಕಂಪನಿಗಳನ್ನು ಕೊಂಡದ್ದು, ಸಾಲ, ಇನ್ನೂ ಹಲವು ಕಾರಣಗಳಿವೆ. ಆದರೆ ಸೊಸೈಟಿಯ ಸರ್ವಸದಸ್ಯರ ಸಭೆಯಲ್ಲಿ ಕಾರ್ಯದರ್ಶಿ ಈ ವರ್ಷ ಲೆಕ್ಕ ಆಗಿಲ್ಲವೆಂದು ಎದ್ದು ನಿಂತರೆ ಏನಾಗುತ್ತದೆಂಬುದು ನಮ್ಮ ಯಾವ ರೈತನಿಗಾದರೂ ಗೊತ್ತು.

ಸೊರಬದ ಹುಡುಗ ಮರಳಿ ಬೆಂಗಳೂರಿಗೆ ಹೋಗಲಿಲ್ಲ. ಒಂದು ಪೂರ್ತಿ ಹಂಗಾಮು ಒಬ್ಬ ಕೊನೆಗೌಡನ ತಂಡದ ಹಿಂದೆ ಸುತ್ತಿದ. ಹಗ್ಗ ಹಿಡಿದ, ಗೊನೆ ಹೊತ್ತ, ಅವರೊಡನೆ ಉಂಡ. ಆಗ ಅವನಿಗೆ ತಿಳಿದದ್ದು ಇಷ್ಟು: ಕೊನೆಗೌಡನಿಗೆ ಕೆಲಸ ಹುಡುಕುವ ಕಷ್ಟವಿಲ್ಲ, ಯಾರಿಂದ ಎಷ್ಟು ಮುಂಗಡ ಬಂದಿದೆ, ಯಾವ ತೋಟದಲ್ಲಿ ಎಷ್ಟು ದಿನ ಯಾರು ಯಾರು ಹತ್ತಿದರು, ಶನಿವಾರ ಯಾರಿಗೆಷ್ಟು ಬಟವಾಡೆ, ಇವುಗಳ ಲೆಕ್ಕವೇ ಅವನಿಗೆ ತಲೆನೋವು. ಈಗ ಹುಡುಗ ಮಾಡುತ್ತಿರುವುದು ಬಾಯಲ್ಲಿ ಹೇಳಿದರೆ ಬರೆದುಕೊಳ್ಳುವ ಒಂದು ಲೆಕ್ಕದ ಪುಸ್ತಕ. ತಿಂಗಳಿಗೆ 50 ರೂಪಾಯಿಯಂತೆ ಹನ್ನೊಂದು ತಂಡದವರು ಕೊಡುತ್ತಿದ್ದಾರೆ. ಇದು ನಿಂತೀತೋ ಬಿದ್ದೀತೋ ನಾನು ಹೇಳಲಾರೆ. ಗುಂಡಿಯ ಮೇಲಿನ ಮಾತುಗಳನ್ನು ಈ ಸಲ ಕೊನೆಗೌಡರೇ ಆರಿಸಿದರು. ನನ್ನನ್ನು ಕೇಳಲಿಲ್ಲ.

ಕಳೆದ ತಿಂಗಳು ಮಾತ್ರ ಒಂದು ಕರಾರುಪತ್ರವನ್ನು ತಂದು, ಕಾಗುಣಿತ ನೋಡಿಕೊಡಿ ಸಾರ್ ಎಂದ. ಪಾಲು ಎಷ್ಟೆಷ್ಟು, ಮೊದಲ ವರ್ಷದೊಳಗೆ ಬಿಟ್ಟುಹೋದರೆ ಏನು, ಸಮಸಮವಾಗಿ ಒಡೆದರೆ ಯಾರನ್ನು ಕೇಳುವುದು ಎಂದೆಲ್ಲ ಬರೆದಿದ್ದ. ಎರಡು ಒತ್ತಕ್ಷರ ತಿದ್ದಿಕೊಟ್ಟೆ. ಎರಡನೆಯ ಪಾಲುಗಾರನ ಹೆಸರಿನ ಜಾಗ ಖಾಲಿಯಿತ್ತು. ಅವನು ಕಾಗದವನ್ನು ಮಡಿಸಿ ಅಂಗಿಯ ಜೇಬಿಗೆ ಇಟ್ಟುಕೊಂಡು, ಶಿಕಾರಿಪುರದ ಆ ಸ್ನೇಹಿತನ ಮನೆಯಲ್ಲಿ ತಂದೆಯವರು ಸಂಜೆಯ ಹೊತ್ತು ಇರುತ್ತಾರೆಯೇ ಎಂದು ನನ್ನನ್ನು ಕೇಳಿದ. ಇರುತ್ತಾರೆ ಎಂದೆ.